ಕಂಪನಿ ಹೋದ ಮೇಲೆ ಊರು ಹೇಗಿರುತ್ತೆ?



ಕಳೆದ ವಾರ ನನ್ನ ಟೇಬಲ್ ಮೇಲೆ ಒಂದು ಪುಸ್ತಕ ಬಂದು ಕೂತಿತ್ತು. ದಪ್ಪ ಆರ್ಟ್ ಪೇಪರ್, ಬಣ್ಣ ಬಣ್ಣದ ಚಿತ್ರ. ಒಂದು ಗಣಿ ಕಂಪನಿಯ ಸಾಮಾಜಿಕ ಹೊಣೆಗಾರಿಕೆಯ ವರದಿ. ಪುಟ ತಿರುಗಿಸಿದೆ. ಹೊಸ ಸ್ಕೂಲ್ ಬ್ಯಾಗ್ ಹಾಕ್ಕೊಂಡು ನಗ್ತಾ ಇರೋ ಮಗು. ಹೊಲಿಗೆ ಮೆಷಿನ್ ಮುಂದೆ ಕೂತ ಹೆಣ್ಣುಮಗಳು. ಕಣ್ಣಿನ ತಪಾಸಣಾ ಶಿಬಿರ. ಗಿಡ ನೆಡುತ್ತಿರುವ ಮ್ಯಾನೇಜರ್ ಸಾಹೇಬರು, ಹಿಂದೆ ಕೊಡ ಹಿಡಿದುಕೊಂಡು ನಿಂತಿರುವ ನಾಲ್ಕು ಜನ. ಇಡೀ ಪುಸ್ತಕದಲ್ಲಿ ಒಂದೇ ಒಂದು ಚಿತ್ರ ಇರಲಿಲ್ಲ. ಯಾವುದು ಹೇಳಿ? ಗಣಿಯದ್ದು!

ಅದೇ ದಿನ ಸಂಡೂರಿನ ಕಡೆಯಿಂದ ಒಬ್ಬ ರೈತರು ಫೋನ್ ಮಾಡಿದ್ದರು. ನಮ್ಮ ಕಾರ್ಯಕ್ರಮದ ಹಳೆಯ ವೀಕ್ಷಕರು. ಅವರೂರಿನ ಪಕ್ಕದ ಗಣಿ ವಿಸ್ತರಣೆ ಆಗ್ತಾ ಇದೆ, ಪರಿಸರ ಸಾರ್ವಜನಿಕ ಆಲಿಕೆ ಸಭೆಗೆ ನೋಟಿಸ್ ಬಂದಿದೆ. ಅವರು ಹೇಳಿದ್ದು ಹೀಗೆ: "ಸಾರ್, ಕಂಪನಿಯೋರು ನಮ್ಮೂರಾಗ ಕುಡಿಯೋ ನೀರಿನ ಪ್ಲಾಂಟ್ ಹಾಕ್ಸ್ಯಾರ. ಒಳ್ಳೇದಾತು, ಇಲ್ಲ ಅನ್ನಂಗಿಲ್ಲ. ಆದ್ರ ಹಳ್ಳದ ನೀರು ಮೊದ್ಲಿನಂಗ ಇದ್ದಿದ್ರ ಆ ಪ್ಲಾಂಟಿನ ಕೆಲ್ಸ ಏನಿತ್ರಿ? ಮೀಟಿಂಗಿಗೆ ಹೋದ್ರ ಪ್ಲಾಂಟ್ ತೋರಿಸ್ತಾರ, ಸಾಲಿ ತೋರಿಸ್ತಾರ. ನಾವು ಏನ್ ಕೇಳ್ಬೇಕು ಹೇಳ್ರಿ."

ನಾನು ಆ ಕ್ಷಣಕ್ಕೆ ಸರಿಯಾದ ಉತ್ತರ ಕೊಡಲಿಲ್ಲ. "ನೋಡಿ ಹೇಳ್ತೀನಿ" ಅಂದೆ. ಈವತ್ತು ಹೇಳ್ತಾ ಇದ್ದೀನಿ. ಅವರಿಗೊಬ್ಬರಿಗೇ ಅಲ್ಲ, ಗಣಿಯ ಪಕ್ಕದಲ್ಲಿ ಮನೆ ಇರುವ ಎಲ್ಲರಿಗೂ.

ಮೊದಲು ಒಂದು ಭ್ರಮೆ ಕಳಚಿ ಪಕ್ಕಕ್ಕಿಡೋಣ. ಕಂಪನಿ ನಿಮ್ಮೂರಿಗೆ ಶಾಲೆ ಕೋಣೆ ಕಟ್ಟಿಸಿದರೆ ಅದು ದಾನ ಅಲ್ಲ. ಕಾನೂನು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಏನು ಹೇಳುತ್ತೆ? ಒಂದು ಮಿತಿಗಿಂತ ದೊಡ್ಡದಾದ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಲೇಬೇಕು. ಸಿಎಸ್‌ಆರ್ ಅಂತೀವಲ್ಲ, ಅದೇ ಇದು. ಕೊಟ್ಟಿದ್ದಕ್ಕೆ ಶಾಲು ಹೊದಿಸಿ ಸನ್ಮಾನ ಮಾಡುವ ಅಗತ್ಯ ಇಲ್ಲ. ಮನೆ ಕಂದಾಯ ಕಟ್ಟಿದ್ದಕ್ಕೆ ನಿಮಗೆ ಯಾರಾದರೂ ಹಾರ ಹಾಕ್ತಾರಾ?

ಇದರಲ್ಲೇ ಇನ್ನೊಂದು ಸೂಕ್ಷ್ಮ ಇದೆ, ಗಮನಿಸಿ. ಬೇರೆ ಯಾವುದೋ ಕಾನೂನಿನ ಪ್ರಕಾರ ಮಾಡಲೇಬೇಕಾದ ಕೆಲಸವನ್ನು ಸಿಎಸ್‌ಆರ್ ಲೆಕ್ಕಕ್ಕೆ ಸೇರಿಸುವಂತಿಲ್ಲ. ನಿಯಮದಲ್ಲೇ ಹಾಗಿದೆ. ಗಣಿ ರಸ್ತೆಗೆ ನೀರು ಚಿಮುಕಿಸೋದು ಪರಿಸರ ಅನುಮತಿಯ ಷರತ್ತು. ಕಡಿದ ಕಾಡಿಗೆ ಬದಲಾಗಿ ಗಿಡ ನೆಡೋದು ಅರಣ್ಯ ಕಾನೂನಿನ ಷರತ್ತು. ಆ ಗಿಡದ ಫೋಟೋ ಬಣ್ಣದ ಪುಸ್ತಕದಲ್ಲಿ ಬಂದಿದೆ ಅಂದರೆ ಕೇಳಿ: ಸ್ವಾಮಿ, ಇದು ನಿಮ್ಮ ಸೇವೆಯೋ, ನಿಮ್ಮ ಸಾಲವೋ?

ಇನ್ನು ಜಿಲ್ಲಾ ಖನಿಜ ಪ್ರತಿಷ್ಠಾನ. 2015ರಲ್ಲಿ ಗಣಿ ಕಾಯ್ದೆಗೆ ತಿದ್ದುಪಡಿ ತಂದು ಇದನ್ನು ಮಾಡಿದರು. ಗಣಿಗಾರಿಕೆಯಿಂದ ತೊಂದರೆಗೆ ಒಳಗಾದ ಜನರಿಗಾಗಿಯೇ ಇರುವ ಹಣ ಇದು. ಹಳೆಯ ಗುತ್ತಿಗೆಯವರು ರಾಜಧನದ ಶೇ. 30ರಷ್ಟು, ಹರಾಜಿನಲ್ಲಿ ಗುತ್ತಿಗೆ ಪಡೆದವರು ಶೇ. 10ರಷ್ಟು ಇದಕ್ಕೆ ಕಟ್ಟಬೇಕು. ಲೆಕ್ಕ ಹಾಕಿ ನೋಡಿ. ಕಬ್ಬಿಣದ ಅದಿರಿಗೆ ರಾಜಧನ ಸರಾಸರಿ ಮಾರಾಟ ಬೆಲೆಯ ಶೇ. 15. ಅಂದರೆ 100 ರೂಪಾಯಿ ಅದಿರಿಗೆ ಹಳೆಯ ಗುತ್ತಿಗೆಯಿಂದ ನಿಮ್ಮ ಜಿಲ್ಲೆಗೆ ಬರೋದು ನಾಲ್ಕೂವರೆ ರೂಪಾಯಿ. ಹರಾಜಿನ ಗುತ್ತಿಗೆಯಿಂದ ಒಂದೂವರೆ ರೂಪಾಯಿ. ಹರಾಜಿನವರು ಅದರ ಮೇಲೆ ದೊಡ್ಡ ಪ್ರೀಮಿಯಂ ಕಟ್ಟುತ್ತಾರೆ, ನಿಜ. ಆದರೆ ಅದು ಹೋಗೋದು ಬೆಂಗಳೂರಿನ ಖಜಾನೆಗೆ, ಧೂಳು ಕುಡಿಯುವ ಊರಿಗಲ್ಲ.

ಸರಿ, ಹಾಗಾದರೆ ಗಣಿ ಕಂಪನಿ ಒಳ್ಳೆಯದೋ ಕೆಟ್ಟದೋ ಅಂತ ಅಳೆಯೋರು ಯಾರು? ಸರ್ಕಾರದ ಹತ್ತಿರ ಒಂದು ಅಳತೆಗೋಲು ಇದೆ. ಹೋಟೆಲಿಗೆ ಸ್ಟಾರ್ ಕೊಟ್ಟ ಹಾಗೆ ಗಣಿಗಳಿಗೂ ಸ್ಟಾರ್ ಕೊಡುವ ಪದ್ಧತಿಯನ್ನು ಕೇಂದ್ರ ಗಣಿ ಸಚಿವಾಲಯ 2016ರಲ್ಲಿ ಶುರು ಮಾಡಿತು. ಉದ್ದೇಶ ಒಳ್ಳೆಯದೇ. ಆದರೆ ವಿಧಾನ ನೋಡಿ. ಮೊದಲು ಗಣಿಯವರೇ ತಮ್ಮ ಬಗ್ಗೆ ತಾವೇ ನಮೂನೆ ತುಂಬಬೇಕು. ಆಮೇಲೆ ಭಾರತೀಯ ಗಣಿ ಬ್ಯೂರೋದವರು ಅದನ್ನು ಪರಿಶೀಲಿಸ್ತಾರೆ. ಉತ್ತರ ಪತ್ರಿಕೆಗೆ ಮೊದಲ ಸುತ್ತಿನ ಮಾರ್ಕ್ಸ್ ಹಾಕೋನು ವಿದ್ಯಾರ್ಥಿಯೇ! ಪಕ್ಕದ ಊರಿನವರನ್ನು "ಏನಪ್ಪಾ, ನಿಮ್ಮ ಬಾವಿ ಹೇಗಿದೆ" ಅಂತ ಮೊದಲು ಕೇಳುವ ಪದ್ಧತಿ ಅಲ್ಲ ಇದು.

ನನ್ನ ಪ್ರಕಾರ ಅಳತೆ ಬೇರೆ. ಗಣಿ ಕಂಪನಿಗೆ ಮಾರ್ಕ್ಸ್ ಕೊಡಬೇಕಾದದ್ದು ಅದು ಬಂದ ದಿನ ಅಲ್ಲ, ಶಾಲೆ ಕಟ್ಟಿಸಿದ ದಿನವೂ ಅಲ್ಲ. ಅದು ಹೋದ ದಿನ. ಯಾಕೆ ಹೀಗೆ ಹೇಳ್ತೀನಿ? ಬಟ್ಟೆ ಗಿರಣಿ ನೂರು ವರ್ಷ ನಡೀಬಹುದು. ಗಣಿ ಹಾಗಲ್ಲ. ಅದಿರು ಮುಗಿದ ದಿನ ಗಣಿ ಮುಗೀತು. ಪ್ರತಿಯೊಂದು ಗಣಿ ಕಂಪನಿಯೂ ಒಂದಲ್ಲ ಒಂದು ದಿನ ಹೊರಟು ಹೋಗುತ್ತೆ. ಊರು ಮಾತ್ರ ಅಲ್ಲೇ ಇರುತ್ತೆ.

ಇದಕ್ಕೆ ಉದಾಹರಣೆ ಹುಡುಕಿಕೊಂಡು ವಿದೇಶಕ್ಕೆ ಹೋಗಬೇಕಾಗಿಲ್ಲ. ನಮ್ಮ ಕೋಲಾರಕ್ಕೆ ಬನ್ನಿ.

ಕೆಜಿಎಫ್. ಈಗಿನ ಹುಡುಗರಿಗೆ ಸಿನಿಮಾ ಹೆಸರು. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. 1902ರಲ್ಲಿ ಶಿವನಸಮುದ್ರದಿಂದ ಅಲ್ಲಿಗೆ ಕರೆಂಟ್ ಹೋಯಿತು, ಬೆಂಗಳೂರಿಗಿಂತ ಮೊದಲು. ಆಸ್ಪತ್ರೆ, ಕ್ಲಬ್ಬು, ಶಾಲೆ, ಚರ್ಚು, ಎಲ್ಲ ಇತ್ತು. "ಲಿಟಲ್ ಇಂಗ್ಲೆಂಡ್" ಅಂತ ಕರೀತಿದ್ದರು. ಆವತ್ತು ಯಾರಾದರೂ ಕಂಪನಿಯ ಸಾಮಾಜಿಕ ಹೊಣೆಗಾರಿಕೆಗೆ ಮಾರ್ಕ್ಸ್ ಹಾಕಿದ್ದರೆ ಡಿಸ್ಟಿಂಕ್ಷನ್ ಸಿಗ್ತಿತ್ತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. 120 ವರ್ಷದಲ್ಲಿ ಸುಮಾರು 800 ಟನ್ ಚಿನ್ನ ಮೇಲೆ ಬಂತು. ಬ್ರಿಟಿಷ್ ಕಂಪನಿ ಹೋಗಿ ಸರ್ಕಾರ ಬಂತು, ಭಾರತ್ ಗೋಲ್ಡ್ ಮೈನ್ಸ್ ಆಯಿತು. 2001ರ ಫೆಬ್ರವರಿ ಕೊನೆಗೆ ಬೀಗ ಬಿತ್ತು.

ಉಳಿದದ್ದು ಏನು? ಸೈನೈಡ್ ದಿಬ್ಬಗಳು. ಅದಿರನ್ನು ಹಿಟ್ಟಿನ ಹಾಗೆ ಪುಡಿ ಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿಯುವ ಪುಡಿ. ಅಂಥ 13 ದಿಬ್ಬಗಳು, ಸುಮಾರು 3.3 ಕೋಟಿ ಟನ್. ಬೇಸಿಗೆಯಲ್ಲಿ ಗಾಳಿ ಎದ್ದರೆ ಆ ಪುಡಿ ಮನೆಯೊಳಗೆ, ಅನ್ನದ ತಟ್ಟೆಯೊಳಗೆ. ಗಣಿ ಒಳಗೆ ದುಡಿದು ಸಿಲಿಕೋಸಿಸ್ ಹತ್ತಿಸಿಕೊಂಡ ಶ್ವಾಸಕೋಶಗಳು ಒಂದು ಕಡೆ, ಗಣಿ ಮುಚ್ಚಿದ ಮೇಲೂ ಧೂಳು ಕುಡಿಯುವ ಮಕ್ಕಳು ಇನ್ನೊಂದು ಕಡೆ. ಬೆಳಗಿನ ಜಾವ ಮಾರಿಕುಪ್ಪಂ ಸ್ಟೇಷನ್ನಿಗೆ ಹೋಗಿ ನೋಡಿ. ಚಿನ್ನದ ಊರಿನ ಮಕ್ಕಳು ಕೂಲಿಗೆ, ಕೆಲಸಕ್ಕೆ ಅಂತ ರೈಲು ತುಂಬಿಕೊಂಡು ಬೆಂಗಳೂರಿಗೆ ಬರ್ತಾರೆ, ರಾತ್ರಿ ವಾಪಸ್ ಹೋಗ್ತಾರೆ. ದಿನಾ.

2024ರಲ್ಲಿ ನಮ್ಮ ರಾಜ್ಯ ಸಂಪುಟ ಇದೇ 13 ದಿಬ್ಬಗಳ ಬಗ್ಗೆ ಒಂದು ತೀರ್ಮಾನ ಮಾಡಿತು. ಏನಂತ? ಅದರಲ್ಲಿ ಉಳಿದಿರುವ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ. ತೆಗೆಯಲಿ, ಬೇಡ ಅನ್ನಲ್ಲ. ಆದರೆ ದಿಬ್ಬದಲ್ಲಿ ಎಷ್ಟು ಚಿನ್ನ ಉಳಿದಿದೆ ಅನ್ನೋ ಲೆಕ್ಕ ನಮ್ಮ ಹತ್ತಿರ ಇದೆ. ಆ ದಿಬ್ಬದ ಧೂಳು ಎಷ್ಟು ಜನರ ಎದೆಯಲ್ಲಿ ಉಳಿದಿದೆ ಅನ್ನೋ ಲೆಕ್ಕವನ್ನು ಯಾಕೆ ಅಷ್ಟೇ ಆಸ್ಥೆಯಿಂದ ಇಟ್ಟಿಲ್ಲ?

ಈಗ ಕುದುರೆಮುಖ. ಇಲ್ಲೂ ಕಂಪನಿ ಸರ್ಕಾರದ್ದೇ. ಖಾಸಗಿಯವರು ಮಾತ್ರ ಕೆಟ್ಟವರು, ಸರ್ಕಾರದವರು ಸಾಚಾ ಅಂತ ಅಂದುಕೊಂಡವರು ಇದನ್ನು ಕೇಳಬೇಕು. 1976ರಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಶುರುವಾಯಿತು. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಜಾಗ. ವರ್ಷಕ್ಕೆ ಆರೇಳು ಸಾವಿರ ಮಿಲಿಮೀಟರ್ ಮಳೆ. ಅದಿರಿನ ಗುಣಮಟ್ಟ ಕಡಿಮೆ, ಹಾಗಾಗಿ ಉಪಯೋಗಕ್ಕೆ ಬಂದದ್ದಕ್ಕಿಂತ ಬಿಸಾಡಿದ್ದೇ ಹೆಚ್ಚು. ಆ ಕೆಸರು ಹಿಡಿದಿಡೋಕೆ ಲಕ್ಯಾ ಹಳ್ಳಕ್ಕೆ ಸುಮಾರು 100 ಮೀಟರ್ ಎತ್ತರದ ಅಣೆಕಟ್ಟು. ಅದಿರು 67 ಕಿಲೋಮೀಟರ್ ಪೈಪಿನಲ್ಲಿ ಹರಿದು ಮಂಗಳೂರಿಗೆ. ಅಲ್ಲೂ ಅಚ್ಚುಕಟ್ಟಾದ ಟೌನ್‌ಶಿಪ್, ಶಾಲೆ, ಆಸ್ಪತ್ರೆ. 2002ರ ಅಕ್ಟೋಬರ್ 30ರಂದು ಸುಪ್ರೀಂ ಕೋರ್ಟ್, 2005ರ ಕೊನೆಗೆ ಗಣಿ ನಿಲ್ಲಿಸಿ ಅಂತ ಹೇಳಿತು. ನಿಂತಿತು. ಜನ ಹೋದರು. ಕ್ವಾರ್ಟರ್ಸಿಗೆ ಬೀಗ ಬಿತ್ತು, ಗೋಡೆಗೆ ಪಾಚಿ ಹತ್ತಿತು. ಲಕ್ಯಾದ ಹೂಳು ಅಲ್ಲೇ ಇದೆ.

ಈ ಕಥೆ ಇಲ್ಲಿಗೆ ಮುಗಿಯಲಿಲ್ಲ. ಅದೇ ಕಂಪನಿ ಆಮೇಲೆ ಸಂಡೂರಿನ ದೇವದಾರಿಗೆ ಬಂತು. 400 ಹೆಕ್ಟೇರಿಗೂ ಹೆಚ್ಚು ಕಾಡು, ಸುಮಾರು 99 ಸಾವಿರ ಮರ. 2024ರ ಜೂನ್‌ನಲ್ಲಿ ಕೇಂದ್ರ ಸಚಿವ ಎಚ್.ಡಿ. ಕುಮಾರಸ್ವಾಮಿ ಅವರು ಈ ಯೋಜನೆಯ ಕಡತಕ್ಕೆ ಸಹಿ ಹಾಕಿದರು ಅಂತ ದೊಡ್ಡ ಸುದ್ದಿಯಾಯಿತು. ರಾಜ್ಯದ ಅರಣ್ಯ ಸಚಿವ ಈಶ್ವರ ಖಂಡ್ರೆ ಅವರು, ಕುದುರೆಮುಖದ ಹಳೆಯ ಬಾಕಿ, ಹಳೆಯ ಷರತ್ತು ತೀರಿಸುವ ತನಕ ಇಲ್ಲಿ ಅರಣ್ಯ ಭೂಮಿ ಹಸ್ತಾಂತರ ಮಾಡಬೇಡಿ ಅಂದರು. ಇದರಲ್ಲಿ ರಾಜಕೀಯ ಎಷ್ಟು, ಪರಿಸರ ಕಾಳಜಿ ಎಷ್ಟು ಅಂತ ನೀವು ಕೇಳಬಹುದು. ಕೇಳಿ. ಆದರೆ ಆ ತತ್ವ ಇದೆಯಲ್ಲ, ಅದು ಸರಿಯಾದ ತತ್ವ. ಹಳೇ ಮನೆ ಖಾಲಿ ಮಾಡಿದಾಗ ಹೇಗೆ ಬಿಟ್ಟು ಬಂದೆ ಅಂತ ನೋಡಿ ಹೊಸ ಮನೆ ಬಾಡಿಗೆಗೆ ಕೊಡೋದು. ನಮ್ಮಲ್ಲಿ ಸಣ್ಣ ಮನೆ ಬಾಡಿಗೆಗೆ ಕೊಡುವಾಗಲೂ ಅಷ್ಟು ವಿಚಾರಿಸ್ತೀವಿ. ಬೆಟ್ಟ ಕೊಡುವಾಗ ವಿಚಾರಿಸಬಾರದಾ?

ಇನ್ನು ಬಳ್ಳಾರಿ. ಅಲ್ಲಿ ಏನಾಯಿತು ಅಂತ ನಿಮಗೆ ಹೊಸದಾಗಿ ಹೇಳಬೇಕಾಗಿಲ್ಲ. ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿಗಳು, ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠ ಅವರು ಸುಪ್ರೀಂ ಕೋರ್ಟಿಗೆ ಹೋದದ್ದು, 2011ರ ಜುಲೈನಲ್ಲಿ ಬಳ್ಳಾರಿಯಲ್ಲಿ ಗಣಿಗಾರಿಕೆಯೇ ನಿಂತದ್ದು, ಮುಖ್ಯಮಂತ್ರಿ ಕುರ್ಚಿ ಹೋದದ್ದು, ಎಲ್ಲ ನಿಮಗೆ ಗೊತ್ತು. ನಾನು ಹೇಳಬೇಕಾದದ್ದು ಅದರ ನಂತರದ ಮಾತು.

ಸುಪ್ರೀಂ ಕೋರ್ಟ್ ಮತ್ತು ಅದರ ಕೇಂದ್ರೀಯ ಉನ್ನತಾಧಿಕಾರ ಸಮಿತಿ ಅಲ್ಲಿ ಮಾಡಿದ ಕೆಲಸ ಇದೆಯಲ್ಲ, ನನ್ನ ಪ್ರಕಾರ ಗಣಿ ಕಂಪನಿಗಳಿಗೆ ಈ ದೇಶದಲ್ಲಿ ನಡೆದ ನಿಜವಾದ ಪರೀಕ್ಷೆ ಅದು. ಬಣ್ಣದ ಪುಸ್ತಕ ನೋಡಲಿಲ್ಲ. ಸರ್ವೆ ಮಾಡಿಸಿದರು. ನಿನ್ನ ಗುತ್ತಿಗೆಯ ಗಡಿ ಎಲ್ಲಿ, ನೀನು ಅಗೆದದ್ದು ಎಲ್ಲಿ, ಮಣ್ಣು ಸುರಿದದ್ದು ಎಲ್ಲಿ? 166 ಗುತ್ತಿಗೆಗಳನ್ನು ಎ, ಬಿ, ಸಿ ಅಂತ ಮೂರು ವರ್ಗ ಮಾಡಿದರು. ತಪ್ಪು ಇಲ್ಲದ, ಅಥವಾ ಅತ್ಯಲ್ಪ ಇರುವ 'ಎ' ವರ್ಗದಲ್ಲಿ ಎಷ್ಟು? 45. ಭಾರೀ ಅಕ್ರಮದ 'ಸಿ' ವರ್ಗದಲ್ಲಿ 49. 2013ರ ಏಪ್ರಿಲ್‌ನಲ್ಲಿ ಆ 'ಸಿ' ಗುತ್ತಿಗೆಗಳೇ ರದ್ದಾದವು. ಉಳಿದವರಿಗೂ ಸುಮ್ಮನೆ ಬಾಗಿಲು ತೆರೆಯಲಿಲ್ಲ. ಪ್ರತಿ ಗಣಿಗೂ ಒಂದು ಪುನಶ್ಚೇತನ ಯೋಜನೆ: ತಡೆಗೋಡೆ ಕಟ್ಟು, ಮಣ್ಣಿನ ರಾಶಿ ಜಾರದ ಹಾಗೆ ಹುಲ್ಲು ಹಿಡಿಸು, ಚೆಕ್ ಡ್ಯಾಂ ಹಾಕು, ಆಮೇಲೆ ಅದಿರು ತೆಗಿ. ಉತ್ಪಾದನೆಗೂ ಮಿತಿ, ಮೂರು ಜಿಲ್ಲೆ ಸೇರಿ ವರ್ಷಕ್ಕೆ 3 ಕೋಟಿ ಟನ್. ಆ ಮಿತಿ 2022ರ ಹೊತ್ತಿಗೆ 5 ಕೋಟಿ ಟನ್ನಿಗೆ ಏರಿತು, ಅದನ್ನೂ ನೆನಪಿಟ್ಟುಕೊಳ್ಳಿ.

ಹಾಳಾದ ನೆಲ, ನೀರು, ರಸ್ತೆ, ಜನಜೀವನ ಸರಿಪಡಿಸೋಕೆ ಅಂತ ಹಾಕಿದ ಯೋಜನೆಯ ಮೊತ್ತ ಎಷ್ಟು ಗೊತ್ತಾ? ಸುಮಾರು 25 ಸಾವಿರ ಕೋಟಿ. ಅದಿರು ಮಾರಿದ ಹಣದಿಂದಲೇ ಕೂಡಿದ ನಿಧಿ. ಅದಕ್ಕಾಗಿ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಅಂತ 2014ರಲ್ಲೇ ಆಯಿತು. ಆದರೆ ಯೋಜನೆಯ ತಕರಾರುಗಳೆಲ್ಲ ಮುಗಿದು, ಮೇಲುಸ್ತುವಾರಿಗೆ ನಿವೃತ್ತ ನ್ಯಾಯಮೂರ್ತಿ ಸುದರ್ಶನ್ ರೆಡ್ಡಿ ಅವರ ನೇಮಕ ಆದದ್ದು 2022ರಲ್ಲಿ. ಗಣಿ ನಿಂತದ್ದು 2011. ಹನ್ನೊಂದು ವರ್ಷ! ಆವತ್ತು ಒಂದನೇ ಕ್ಲಾಸಿಗೆ ಸೇರಿದ ಸಂಡೂರಿನ ಮಗು ಎಸ್‌ಎಸ್‌ಎಲ್‌ಸಿ ಮುಗಿಸಿತು. ಇದಕ್ಕೆ ಕಂಪನಿಯನ್ನು ಬೈದರೆ ಆಗಲ್ಲ. ಇದು ನಮ್ಮ ವ್ಯವಸ್ಥೆಯ ಮಾರ್ಕ್ಸ್ ಕಾರ್ಡು.

ಕಂಪನಿಗಳ ಪರವಾಗಿಯೂ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ಅನ್ಯಾಯ. ಕಬ್ಬಿಣ ಇಲ್ಲದೆ ನಮ್ಮ ಮನೆ ಏಳಲ್ಲ, ಬಸ್ಸು ಓಡಲ್ಲ, ಈ ಸ್ಟುಡಿಯೋನೂ ನಿಲ್ಲಲ್ಲ. ಗಣಿ ನಿಂತಾಗ ಸಾಲ ಮಾಡಿ ಲಾರಿ ತಗೊಂಡ ಸಾವಿರಾರು ಕುಟುಂಬ ಬೀದಿಗೆ ಬಂದದ್ದೂ ಸತ್ಯವೇ. ಲಾರಿ ಬಿಟ್ಟು ಮುಚ್ಚಿದ ಕನ್ವೇಯರ್‌ನಲ್ಲಿ ಅದಿರು ಸಾಗಿಸಿ ಧೂಳು ಕಡಿಮೆ ಮಾಡಿದ ಕಂಪನಿಯೂ ಅದೇ ಬಳ್ಳಾರಿಯಲ್ಲಿದೆ. ಅಂದರೆ ಏನಾಯಿತು? ಚೆನ್ನಾಗಿ ಮಾಡೋಕೆ ಸಾಧ್ಯ ಇದೆ ಅಂತ ಆಯಿತು. ಹಾಗಾಗಿ ಚೆನ್ನಾಗಿ ಮಾಡದವರಿಗೆ ಇನ್ನು ನೆಪ ಇಲ್ಲ.

ಈಗ ನಮ್ಮ ಸಂಡೂರಿನ ರೈತರ ಪ್ರಶ್ನೆ. ಸಭೆಗೆ ಹೋಗಿ ಏನು ಕೇಳಬೇಕು? ಬರ್ಕೊಳ್ಳಿ.

ಮೊದಲನೆಯದು, ಧೂಳು. ಗಾಳಿಯಲ್ಲಿ ಪಿಎಂ 10 ಅನ್ನುವ ಸೂಕ್ಷ್ಮ ಧೂಳು 24 ಗಂಟೆಯ ಸರಾಸರಿಯಲ್ಲಿ ಘನ ಮೀಟರಿಗೆ 100 ಮೈಕ್ರೋಗ್ರಾಂ ದಾಟಬಾರದು, ಇದು ದೇಶದ ಮಿತಿ. "ಮಿತಿಯೊಳಗೇ ಇದೆ" ಅಂತ ಕಂಪನಿ ಹೇಳುತ್ತೆ. ನೀವು ಕೇಳಬೇಕಾದದ್ದು: ಅಳೆಯೋ ಯಂತ್ರ ಎಲ್ಲಿಟ್ಟಿದ್ದೀರಿ? ಆಫೀಸಿನ ತೋಟದಲ್ಲೋ, ಲಾರಿ ಹೋಗುವ ರಸ್ತೆ ಪಕ್ಕದ ಅಂಗನವಾಡಿ ಹತ್ತಿರವೋ?

ಎರಡನೆಯದು, ನೀರು. ಗಣಿ ಶುರುವಾಗುವ ಮೊದಲು ಊರಿನ ಬಾವಿ, ಬೋರ್‌ವೆಲ್‌ಗಳಲ್ಲಿ ನೀರು ಎಷ್ಟು ಅಡಿಗೆ ಇತ್ತು? ಬರೆದಿಟ್ಟಿದ್ದೀರಾ? ಮೊದಲಿನ ಲೆಕ್ಕ ಇಲ್ಲದಿದ್ದರೆ ನಾಳೆ ಬಾವಿ ಬತ್ತಿದಾಗ "ಮಳೆ ಕಮ್ಮಿ ಆಗಿದೆ" ಅಂತಾರೆ. ನೀವೂ ಇವತ್ತೇ ಅಳೆದು, ಗ್ರಾಮ ಸಭೆಯಲ್ಲಿ ಬರೆಸಿಡಿ.

ಮೂರನೆಯದು, ಮಣ್ಣಿನ ರಾಶಿ. ಅದರ ಬುಡಕ್ಕೆ ತಡೆಗೋಡೆ ಇದೆಯಾ? ಸುತ್ತ ಕಾಲುವೆ ಇದೆಯಾ? ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದ ಮರುದಿನ ಹಳ್ಳದ ನೀರಿನ ಬಣ್ಣ ನೋಡಿ. ಫೋಟೋ ತೆಗೆದಿಡಿ. ಅದಕ್ಕಿಂತ ದೊಡ್ಡ ವರದಿ ಯಾವ ಕನ್ಸಲ್ಟೆಂಟೂ ಬರೆಯಲ್ಲ.

ನಾಲ್ಕನೆಯದು, ಮೈ ಆರೋಗ್ಯ. ಗಣಿ ಕಾರ್ಮಿಕರಿಗೆ ನಿಯತವಾಗಿ ವೈದ್ಯಕೀಯ ತಪಾಸಣೆ ಕಡ್ಡಾಯ. ಕಾಯಂ ನೌಕರರಿಗೆ ಆಗುತ್ತೆ. ಗುತ್ತಿಗೆ ಕೂಲಿಗೆ? ಲಾರಿ ಕ್ಲೀನರ್‌ಗೆ? ಎದೆಯ ಎಕ್ಸ್‌ರೇ ತೆಗೆದು ಅದರ ಪ್ರತಿಯನ್ನು ಅವನ ಕೈಗೆ ಕೊಡ್ತೀರಾ? ಒಂದು ದಿನದ ಕಣ್ಣಿನ ಶಿಬಿರ ಮಾಡೋದು ಸುಲಭ. ಇದು ಕಷ್ಟ. ಅದಕ್ಕೇ ಇದನ್ನು ಕೇಳಬೇಕು.

ಐದನೆಯದು, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡದು: ನೀವು ಯಾವಾಗ ಹೋಗ್ತೀರಿ, ಹೋಗುವಾಗ ಹೇಗೆ ಬಿಟ್ಟು ಹೋಗ್ತೀರಿ? ಪ್ರತಿ ಗಣಿಗೂ ಮುಚ್ಚುವ ಯೋಜನೆ ಇರಲೇಬೇಕು, ಅದಕ್ಕೆ ಭದ್ರತಾ ಠೇವಣಿ ಇಡಬೇಕು. 2021ರ ತಿದ್ದುಪಡಿಯ ನಂತರ ದೊಡ್ಡ ಗಣಿಗೆ ಅದು ಹೆಕ್ಟೇರಿಗೆ 5 ಲಕ್ಷ. ಅಂದರೆ 100 ಹೆಕ್ಟೇರ್ ಬೆಟ್ಟ ಅಗೆದವರು ಇಟ್ಟಿರುವ ಖಾತರಿ 5 ಕೋಟಿ. ಅಷ್ಟರಲ್ಲಿ ಬೆಟ್ಟ ರಿಪೇರಿ ಆಗುತ್ತಾ? ಆಗದಿದ್ದರೆ ಬಾಕಿ ಹಣ ಯಾರದು? ಕೆಜಿಎಫ್ ನೋಡಿದವರು ಕೇಳಲೇಬೇಕಾದ ಪ್ರಶ್ನೆ ಇದು.

ಕೇಳೋಕೆ ನಿಮಗೆ ಹಕ್ಕಿದೆ. 2006ರ ಪರಿಸರ ಅಧಿಸೂಚನೆ ಪ್ರಕಾರ ಸಭೆಗೆ ಕನಿಷ್ಠ 30 ದಿನ ಮೊದಲು ನೋಟಿಸ್ ಬರಬೇಕು. ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಸಭೆಯ ವಿಡಿಯೋ ಆಗಬೇಕು. ಯಾರು ಏನು ಹೇಳಿದರು ಅನ್ನೋದನ್ನು ಬರೆದು, ಕೊನೆಗೆ ಜನರ ಭಾಷೆಯಲ್ಲಿ ಓದಿ ಹೇಳಬೇಕು. ಓದಿಸದೆ ಏಳಬೇಡಿ. ಅನುಮತಿ ಸಿಕ್ಕ ಮೇಲೂ ಕಂಪನಿ ಆರು ತಿಂಗಳಿಗೊಮ್ಮೆ ಷರತ್ತು ಪಾಲನೆಯ ವರದಿ ಕೊಡಬೇಕು, ಅದು ಸಾರ್ವಜನಿಕ ದಾಖಲೆ.

ಇನ್ನೊಂದು ಗುಟ್ಟು ಹೇಳ್ತೀನಿ. ಈ ಸಭೆಗೆ ಕೋರಂ ಇಲ್ಲ. ಇಷ್ಟೇ ಜನ ಇರಬೇಕು ಅಂತ ನಿಯಮ ಇಲ್ಲ. ನೀವು ಒಬ್ಬರೂ ಹೋಗದಿದ್ದರೂ ಸಭೆ ನಡೆದ ಲೆಕ್ಕವೇ. ಯಾರೂ ಪ್ರಶ್ನೆ ಕೇಳಲಿಲ್ಲ ಅಂದರೆ, ಯಾರಿಗೂ ತೊಂದರೆ ಇಲ್ಲ ಅಂತ ಕಾಗದ ಹೇಳುತ್ತೆ. ಊಟದ ಪ್ಯಾಕೆಟ್ ಕೊಟ್ಟು ಬೇರೆ ಊರಿನಿಂದ ಜನ ತಂದು ಚಪ್ಪಾಳೆ ಹೊಡೆಸಿದರೂ ಅದು ದಾಖಲೆಗೆ ಹೋಗುತ್ತೆ. ಆವತ್ತು ಒಂದು ದಿನದ ಕೂಲಿ ಹೋದರೂ ಪರವಾಗಿಲ್ಲ, ಹೋಗಿ. ಮುಂದಿನ ಮೂವತ್ತು, ಐವತ್ತು ವರ್ಷದ ಮಾತು ಅದು.

ಆ ರೈತರಿಗೆ ನಿನ್ನೆ ನಾನೇ ಫೋನ್ ಮಾಡಿ ಈ ಐದೂ ಪ್ರಶ್ನೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಆಮೇಲೆ ಅಂದರು: "ಐದನೇದು ನಾನೇ ಕೇಳ್ತೀನ್ರಿ ಸಾರ್. ಉಳಿದದ್ದು ಹುಡುಗ್ರಿಗೆ ಹಂಚ್ತೀನಿ. ಯಾಕಂದ್ರ ಕಂಪನಿ ಹೋಗೋವತ್ತಿಗೆ ನಾನು ಇರಂಗಿಲ್ಲ. ಅವ್ರು ಇರ್ತಾರ."

ಯೋಚನೆ ಮಾಡಿ ವೀಕ್ಷಕರೇ. ನಾಳೆ ಮತ್ತೆ ಸಿಗೋಣ. ನಮಸ್ಕಾರ.